ಶಾಲೆಯ ದಾಖಲೆಯ ಪ್ರಕಾರ ಹದಿನಾರು

ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿಯೂ ಹೇಳುವುದಿಲ್ಲವೆಂದು ಹ್ಯೂಸ್ಟನ್ನಿನ ಒಂದು ಆಫೀಸಿನಲ್ಲಿ ಕೂತು ಸಹಿ ಹಾಕಿಕೊಟ್ಟಿದ್ದೇನೆ. ಆಗ ಸಹಿ ಹಾಕುವುದರಲ್ಲಿ ನಾನು ಬಹಳ ಧಾರಾಳಿ. ಮುಂದಿಟ್ಟ ಕಾಗದಕ್ಕೆಲ್ಲ ಗೀಚುತ್ತಿದ್ದೆ. ಒಂದೇ ಒಂದು ಕಾಗದಕ್ಕೆ ಹಾಕಲಿಲ್ಲ. ಅದರ ಬಗ್ಗೆಯೇ ಇದನ್ನು ಬರೆಯುತ್ತಿದ್ದೇನೆ.

ಡಾಲಸ್ ಪಕ್ಕದ ರಿಚರ್ಡ್‌ಸನ್ನಿನ ಟೆಲಿಕಾಂ ಕಂಪನಿಗಳು ಗುಂಪುಗುಂಪಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ದಿನಗಳು ಅವು. ನಮ್ಮ ಅಪಾರ್ಟ್‌ಮೆಂಟಿನ ಕಸದ ತೊಟ್ಟಿಯ ಪಕ್ಕ ಆಗಾಗ ಒಂದು ಸೋಫಾ ಬಂದು ಕೂರುತ್ತಿತ್ತು. ಅದನ್ನು ನೋಡಿದರೆ ಸಾಕು, ಇನ್ನೊಂದು ಕುಟುಂಬ ಬೆಂಗಳೂರಿಗೆ ಹೊರಟಿತೆಂದು ಗೊತ್ತಾಗುತ್ತಿತ್ತು. ನನ್ನ ಕೆಲಸವೂ ಹೋಯಿತು. ಕೆಲಸ ಹೋದರೆ ವೀಸಾ ಹೋದ ಹಾಗೆ. ನಮ್ಮ ಸೋಫಾದ ಸರದಿ ಬರುವುದಕ್ಕೆ ಸ್ವಲ್ಪ ಮುಂಚೆ ಡಾಲಸ್ಸಿನ ಒಂದು ಸಣ್ಣ ಕಂಪನಿ ನನ್ನನ್ನು ತೆಗೆದುಕೊಂಡಿತು. ವಕೀಲರು ಡಬ್ಬಗಟ್ಟಲೆ ಕಳಿಸುವ ಕಾಗದಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಹಾಕಿ, ಕೇಳಿದ ಕೂಡಲೇ ಸಿಗುವಂತೆ ಜೋಡಿಸಿಡುವುದು ಅಲ್ಲಿನ ಕೆಲಸ. ಗ್ರೀನ್ ಕಾರ್ಡಿಗೂ ಅರ್ಜಿ ಹಾಕುತ್ತೇವೆ ಎಂದರು. ಅವತ್ತು ಸಂಜೆ ನನ್ನ ಹೆಂಡತಿ ಪಾಯಸ ಮಾಡಿದಳು.

ಒಂದು ವರ್ಷ ಪೈಪ್‌ಲೈನ್ ಜಗಳ, ಇನ್ಶೂರೆನ್ಸ್ ಜಗಳ ಎಂದು ಕಳೆಯಿತು. ಆಮೇಲೆ ಒಂದು ದಿನ ಬಾಸ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಯುರೋಪಿನ ಒಂದು ದೇಶದ ಮೇಲೆ ಅದರ ನೆರೆಯ ದೇಶ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತ್ತು. ಆರೋಪ, ನರಮೇಧ. ಆರೋಪ ಹೊತ್ತ ದೇಶದ ಪರವಾಗಿ ಕೆಲಸ ಮಾಡುವ ಹ್ಯೂಸ್ಟನ್ನಿನ ವಕೀಲರು ಸತ್ತವರ ದಾಖಲೆಗಳನ್ನು ಜೋಡಿಸುವ ಕೆಲಸವನ್ನು ನಮಗೆ ಕೊಟ್ಟಿದ್ದರು. ಬಾಸ್ ನರಮೇಧ ಎಂಬ ಶಬ್ದವನ್ನು ಒಂದೇ ಸಲ ಬಳಸಿದರು. ಆಮೇಲೆಲ್ಲ ಅದು ‘ಪ್ರಾಜೆಕ್ಟ್’ ಆಯಿತು. ನಾನೂ ಹಾಗೆಯೇ ಕರೆದೆ. ಹಾಗೆ ಕರೆದರೆ ಊಟ ಸೇರುತ್ತಿತ್ತು.

ವಕೀಲರ ವಾದ ನಾನು ಅಂದುಕೊಂಡ ಹಾಗಿರಲಿಲ್ಲ. ಯಾರೂ ಸತ್ತಿಲ್ಲ ಎಂದು ಅವರು ಹೇಳುತ್ತಿರಲಿಲ್ಲ. ಸತ್ತಿದ್ದಾರೆ, ಆದರೆ ಅದು ಯುದ್ಧ, ಎನ್ನುತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರು ಬಂದೂಕು ಹಿಡಿಯುವ ವಯಸ್ಸಿನ ಗಂಡಸರು. ಒಂದು ಜನಾಂಗವನ್ನೇ ಅಳಿಸಬೇಕೆಂಬ ಉದ್ದೇಶವಿದ್ದಿದ್ದರೆ ಮಕ್ಕಳನ್ನೂ ಬಿಡುತ್ತಿರಲಿಲ್ಲ. ಮಕ್ಕಳನ್ನು ಬಸ್ಸು ಹತ್ತಿಸಿ ಕಳಿಸಿದ್ದೇ ಸಾಕ್ಷಿ. ಆದ್ದರಿಂದ ಸತ್ತವನ ವಯಸ್ಸೇ ಎಲ್ಲಕ್ಕಿಂತ ಮುಖ್ಯವಾಯಿತು. ಹದಿನಾರು ತುಂಬಿದ್ದರೆ ಒಂದು ಕಾಲಮ್ಮು, ತುಂಬದಿದ್ದರೆ ಇನ್ನೊಂದು. ಎರಡನೆಯ ಕಾಲಮ್ಮು ಚಿಕ್ಕದಾದಷ್ಟೂ ಆ ದೇಶಕ್ಕೆ ಒಳ್ಳೆಯದು. ನನಗೂ.

ಇಲ್ಲಿ ನಮ್ಮ ಕೆಳಗಿನ ಮನೆಯವರ ವಿಷಯ ಹೇಳಬೇಕು. ನಾವು ಎರಡನೆಯ ಅಂತಸ್ತಿನಲ್ಲಿದ್ದೆವು. ಕೆಳಗೆ ತಾಯಿ, ಮಗಳು. ಅದೇ ಯುದ್ಧದಲ್ಲಿ ಊರು ಕಳೆದುಕೊಂಡು ಬಂದವರು. ಮೊಕದ್ದಮೆ ಹೂಡಿದ್ದ ದೇಶದವರು. ಮಗಳಿಗೆ ಇಪ್ಪತ್ತೈದರ ಆಸುಪಾಸು, ಅಂಗಡಿಯೊಂದರ ಬೇಕರಿಯಲ್ಲಿ ಕೆಲಸ. ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಹೆಂಡತಿ ಧಾರವಾಡದ ಕಡೆಯವಳು. ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿಯನ್ನು ಬಾಲ್ಕನಿಯಲ್ಲಿ ಸೀರೆ ಹಾಸಿ ಒಣಗಿಸುತ್ತಿದ್ದಳು. ಕೆಳಗಿನ ತಾಯಿ ಕೆಂಪು ಮೆಣಸಿನಕಾಯಿ ದಾರಕ್ಕೆ ಪೋಣಿಸಿ ಕಂಬಿಗೆ ಕಟ್ಟುತ್ತಿದ್ದಳು. ಬಾಲ್ಕನಿಯಲ್ಲಿ ಆಹಾರ ಪದಾರ್ಥ ಒಣಗಿಸಬಾರದೆಂದು ಅಪಾರ್ಟ್‌ಮೆಂಟಿನವರು ಇಬ್ಬರಿಗೂ ಒಂದೇ ದಿನ ನೋಟಿಸು ಅಂಟಿಸಿದರು. ಇಬ್ಬರೂ ನೋಟಿಸು ಹಿಡಿದು ಮೆಟ್ಟಿಲ ಮೇಲೆ ಎದುರಾದರು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ಆದರೂ ಇಬ್ಬರೂ ಸೇರಿ ಮ್ಯಾನೇಜರನ್ನು ತಂತಮ್ಮ ಭಾಷೆಯಲ್ಲಿ ಹೊಟ್ಟೆ ತುಂಬಾ ಬೈದರು. ಅಲ್ಲಿಂದ ಸ್ನೇಹ.

ನಾನು ಏನು ಕೆಲಸ ಮಾಡುತ್ತೇನೆಂದು ಮಗಳು ಕೇಳಿದಾಗ ಕಂಪ್ಯೂಟರ್ ಎಂದೆ. ಡಾಲಸ್ಸಿನಲ್ಲಿ ನಮ್ಮ ಬಣ್ಣದವರಿಗೆ ಆ ಒಂದು ಉತ್ತರ ಸಾಕು, ಮುಂದೆ ಯಾರೂ ಕೇಳುವುದಿಲ್ಲ.

ಒಂದು ಭಾನುವಾರ ಅವರ ಮನೆಯಲ್ಲಿ ಕಾಫಿ. ತಾಮ್ರದ ಪುಟ್ಟ ಪಾತ್ರೆಯಲ್ಲಿ ಕುದಿಸಿದ ಕಪ್ಪು ಕಾಫಿ. ಸೋಸುವ ಪದ್ಧತಿಯಿಲ್ಲ, ತಳದಲ್ಲಿ ಗಸಿ. ಆವತ್ತು ಜೂನ್ ಒಂದು. ಆಫೀಸಿನವರು ಕೊಟ್ಟ ಕೇಕು ಉಳಿದಿತ್ತು, ತೆಗೆದುಕೊಂಡು ಹೋಗಿದ್ದೆವು. ಹುಟ್ಟುಹಬ್ಬವಾ ಎಂದು ಮಗಳು ಕೇಳಿದಳು. ಕಾಗದದಲ್ಲಿ ಮಾತ್ರ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗ ನಾನು ಎದ್ದು ನಿಂತು ಆಡಿ ತೋರಿಸಿದೆ. ನಮ್ಮೂರಿನ ಶಾಲೆಯಲ್ಲಿ ಮಗುವಿಗೆ ಆರು ತುಂಬಿದೆಯೇ ಎಂದು ನೋಡಲು ಮೇಷ್ಟ್ರು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಸೇರಿಸಿಕೊಳ್ಳುತ್ತಾರೆ. ನನಗೆ ಐದೂ ತುಂಬಿರಲಿಲ್ಲ. ನಮ್ಮಪ್ಪ ಹಿಂದೆ ನಿಂತು ನನ್ನ ಮೊಣಕೈಯನ್ನು ಸದ್ದಿಲ್ಲದೆ ಒತ್ತಿದರು. ಬೆರಳು ಕಿವಿಗೆ ತಾಗಿತು. ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡರು. ಅವರ ಪುಸ್ತಕದಲ್ಲಿ ಇಡೀ ತರಗತಿಯೇ ಜೂನ್ ಒಂದರಂದು ಹುಟ್ಟಿತ್ತು.

ತಾಯಿ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಮಾತು ತಿಳಿಯುವುದು ಬೇಕಿರಲಿಲ್ಲ, ಆಟ ನೋಡಿಯೇ ತಿಳಿಯಿತು. ತಾನೂ ಕೈ ಎತ್ತಿ ನೆತ್ತಿಯ ಮೇಲಿಂದ ಕಿವಿ ಮುಟ್ಟಿಕೊಂಡಳು, ನನ್ನ ಹೆಂಡತಿಯಿಂದಲೂ ಮುಟ್ಟಿಸಿದಳು. ಆಮೇಲೆ ಅವಳ ಭಾಷೆಯಲ್ಲಿ ಏನೋ ಹೇಳಿದಳು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು: “ನನ್ನ ತಮ್ಮನಿಗೂ ಹಾಗೇ ಮಾಡಿದ್ದರಂತೆ. ಶಾಲೆಗೆ ಕಾಡಿನ ದಾರಿ. ನನಗೆ ನಾಯಿ ಅಂದರೆ ಭಯ, ಒಬ್ಬಳೇ ಹೋಗಲ್ಲ ಅಂತ ಅತ್ತೆ. ಅಪ್ಪ ತಮ್ಮನಿಗೆ ಎರಡು ವರ್ಷ ಜಾಸ್ತಿ ಬರೆಸಿ ನನ್ನ ಜೊತೆ ಕಳಿಸಿದರು. ಮನೆಯಲ್ಲಿ ಹದಿನಾಲ್ಕು. ಶಾಲೆಯಲ್ಲಿ ಹದಿನಾರು.”

ಅದಕ್ಕಿಂತ ಮುಂದಕ್ಕೆ ಅವನ ವಯಸ್ಸು ಹೋಗಲಿಲ್ಲವೆಂದು ಹೇಳಬೇಕಾಗಿರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಹುಡುಗ ಇದ್ದ, ಕಿವಿ ಸ್ವಲ್ಪ ಅಗಲ. ತಾಯಿ ನಗು ನಿಲ್ಲಿಸಿ ಕೇಕು ಕತ್ತರಿಸಿ ಎಲ್ಲರಿಗೂ ಹಂಚಿದಳು.

ಇದಾದ ಕೆಲವು ತಿಂಗಳಿಗೆ ಹ್ಯೂಸ್ಟನ್ನಿನಲ್ಲಿ ಮೀಟಿಂಗ್. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಅಲ್ಲಿ ರಾಕ್ಷಸರು ಯಾರೂ ಇರಲಿಲ್ಲ. ದೊಡ್ಡ ವಕೀಲೆ ಹೆಂಗಸು ನಾನು ಸಸ್ಯಾಹಾರಿ ಎಂದು ಯಾರನ್ನೋ ಕೇಳಿ ತಿಳಿದುಕೊಂಡು ನನಗಾಗಿ ಬೇರೆ ಊಟ ತರಿಸಿದ್ದಳು. ತೊಡಕು ಏನೆಂದರೆ, ಒಬ್ಬನೇ ಸತ್ತವನಿಗೆ ಎರಡೆರಡು ಹುಟ್ಟಿದ ದಿನಾಂಕ. ಪುರಸಭೆಯ ದಾಖಲೆಗಳು ಎಷ್ಟೋ ಕಡೆ ಸುಟ್ಟುಹೋಗಿದ್ದವು. ಉಳಿದದ್ದು ಶಾಲೆಯ ದಾಖಲಾತಿ ಪುಸ್ತಕ ಮತ್ತು ಯುದ್ಧ ಮುಗಿದ ಮೇಲೆ ಮನೆಯವರು ಕೊಟ್ಟ ಹೇಳಿಕೆ. ಎರಡೂ ಹೊಂದದಿದ್ದರೆ ಯಾವುದನ್ನು ಹಿಡಿಯಬೇಕು?

ಮೇಜಿನ ಸುತ್ತ ಎಲ್ಲರೂ ಕಾಗದ ತಿರುವುತ್ತಿದ್ದರು. ನಾನು ಮಾತಾಡಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಶಾಲೆಯ ದಾಖಲೆ ಎಂದೆ. ಅದು ಯುದ್ಧಕ್ಕಿಂತ ಮೊದಲು ಬರೆದದ್ದು, ಬರೆದವರಿಗೆ ಯಾವ ಲಾಭವೂ ಇರಲಿಲ್ಲ. ತಾಯಿಯ ಹೇಳಿಕೆ ಆಮೇಲಿನದು, ನೆನಪಿನಿಂದ ಬಂದದ್ದು. ನನ್ನ ದೇಶದಲ್ಲೂ ಕೋಟ್ಯಂತರ ಜನರ ವಯಸ್ಸು ಶಾಲೆಯ ದಾಖಲೆಯಿಂದಲೇ ತೀರ್ಮಾನವಾಗುತ್ತದೆ ಎಂದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ನಮ್ಮಂಥ ದೇಶವನ್ನು ಕಂಡವನಿಗೆ ಮಾತ್ರ ಗೊತ್ತಿರುವ ವಿಷಯ ಎಂಬ ಹಮ್ಮು. ವಕೀಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. “ಇದನ್ನು ಒಂದು ಪುಟದಲ್ಲಿ ಬರೆದುಕೊಡಬಲ್ಲಿರಾ?” ಎಂದಳು. ಬರೆದುಕೊಟ್ಟೆ. ಅದು ವಯಸ್ಸು ನಿರ್ಧರಿಸಿದ ವಿಧಾನ ಎಂಬ ಶೀರ್ಷಿಕೆಯಲ್ಲಿ, ಕೆಳಗೆ ನನ್ನ ಹೆಸರು, ಸಹಿ ಸಮೇತ, ಆ ದೇಶ ನ್ಯಾಯಾಲಯಕ್ಕೆ ಕೊಟ್ಟ ಉತ್ತರಕ್ಕೆ ಅನುಬಂಧವಾಯಿತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಅಮ್ಮ ನನ್ನ ಜೊತೆ ಬಂದಿದ್ದರು. ನಾನು ಹುಟ್ಟಿದ್ದು ಶ್ರಾವಣದಲ್ಲಿ, ನಾಗರಪಂಚಮಿಯ ಮಾರನೆಯ ದಿನ, ಹಾಲೆರೆದ ಪಾತ್ರೆ ಇನ್ನೂ ತೊಳೆದಿರಲಿಲ್ಲ ಎಂದು ಗುಮಾಸ್ತರಿಗೆ ವಿವರಿಸತೊಡಗಿದರು. ಆತ ತಲೆ ಎತ್ತದೆ, “ಅಮ್ಮಾ, ನೀವು ಹೇಳಿದ್ದನ್ನೆಲ್ಲ ಬರ್ಕೊಳಕ್ಕಾಗಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೊಡಿ” ಎಂದ. ಅಮ್ಮನ ಮುಖ ಸಣ್ಣಗಾಗಿತ್ತು. ಹ್ಯೂಸ್ಟನ್ನಿನ ಆ ಮೇಜಿನ ಮುಂದೆ ಇದು ನೆನಪಾಗಲಿಲ್ಲವೇ ಎಂದು ಕೇಳಿದರೆ, ನೆನಪಾಗಲಿಲ್ಲ ಎನ್ನುವುದು ಸುಳ್ಳು. ಕೆಳಗಿನ ಮನೆಯ ಕಾಫಿಯೂ ನೆನಪಾಯಿತು. ಆದರೆ ಆ ಹೊತ್ತಿಗೆ ಗುಮಾಸ್ತನ ಕುರ್ಚಿಯಲ್ಲಿ ನಾನು ಕೂತಿದ್ದೆ, ಆ ಕುರ್ಚಿ ಹಿತವಾಗಿತ್ತು.

ಮನೆಗೆ ಬಂದು ಬೆನ್ನು ತಟ್ಟಿಸಿಕೊಳ್ಳುವ ಆಸೆಯಿಂದ ಹೆಂಡತಿಗೆ ಹೇಳಿದೆ. ಯಾವ ದೇಶ, ಯಾವ ಮೊಕದ್ದಮೆ ಎಂದು ಹೇಳಲಿಲ್ಲ. ವಯಸ್ಸಿನ ವಿಷಯಕ್ಕೆ ಶಾಲೆಯ ದಾಖಲೆಯೇ ಗಟ್ಟಿ ಎಂದು ಹೇಳಿ ವಕೀಲರನ್ನು ಒಪ್ಪಿಸಿದೆ ಎಂದಷ್ಟೇ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

“ಹಂಗಂದ್ರ ನಿಮ್ಮದಽ ಸುಳ್ಳೈತಲ್ರೀ ಆ ಕಾರ್ಡಿನಾಗ?”

“ಅದು ಬೇರೆ, ಇದು ಬೇರೆ ಕಣೇ. ಆಫೀಸಿನ ವಿಷಯ, ಬಿಟ್ಬಿಡು.”

ಅವಳು ಬಿಟ್ಟಳು. ನಾನು ಆ ನಿಯಮವನ್ನು ಕಂಪ್ಯೂಟರಿಗೆ ಹಾಕಿ ಓಡಿಸಿದೆ. ಹದಿನಾರು ತುಂಬದವರ ಕಾಲಮ್ಮು ಕಣ್ಣೆದುರೇ ಕುಗ್ಗಿತು. ಎಷ್ಟು ಸಾಲು ಆಚೆಗೆ ಹೋದವೆಂಬ ಸಂಖ್ಯೆ ನನಗೆ ಇವತ್ತಿಗೂ ನೆನಪಿದೆ, ಬರೆಯಲಾರೆ. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಕೆಳಗಿನ ಮನೆಯವರ ಊರಿನ ಹೆಸರು ಹಾಕಿ ಹುಡುಕಿದೆ. ತಾಯಿಯ ಹೆಸರಿನಿಂದ ಸಾಲು ಸಿಕ್ಕಿತು. ತಾಯಿಯ ಹೇಳಿಕೆ: ಹದಿನಾಲ್ಕು. ಶಾಲೆಯ ದಾಖಲೆಯ ಪ್ರಕಾರ: ಹದಿನಾರು. ಅಂತಿಮ ವಯಸ್ಸು: ಹದಿನಾರು. ಯುದ್ಧ ಮಾಡುವ ವಯಸ್ಸು: ಹೌದು.

ಆ ‘ಹೌದು’ ನನ್ನದು. ಅದನ್ನು ‘ಅಲ್ಲ’ ಮಾಡಲು ಒಂದು ಕೀ ಒತ್ತಿದರೆ ಸಾಕಿತ್ತು. ಒಂದು ಸಾಲು ತಿದ್ದಿದರೆ ಉಳಿದ ಸಾಲುಗಳಿಗೆ ಅನ್ಯಾಯವಲ್ಲವೇ, ನಿಯಮ ಎಂದ ಮೇಲೆ ಎಲ್ಲರಿಗೂ ಒಂದೇ ಅಲ್ಲವೇ ಎಂದು ನನಗೆ ನಾನೇ ದೊಡ್ಡ ನ್ಯಾಯಾಧೀಶನ ಹಾಗೆ ಹೇಳಿಕೊಂಡೆ. ಎಲ್ಲ ಸಾಲುಗಳನ್ನೂ ತಿದ್ದಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಡಬ್ಬಿ ತೆಗೆದು ಚಿತ್ರಾನ್ನ ತಿಂದೆ.

ಎರಡು ವರ್ಷ ಕಳೆಯಿತು. ಈ ಎರಡು ವರ್ಷ ಅವರ ಮನೆಯ ಮೆಣಸಿನಕಾಯಿ ಉಪ್ಪಿನಕಾಯಿ ನಮ್ಮ ಮನೆಗೆ, ನಮ್ಮ ಮನೆಯ ಶೇಂಗಾ ಹೋಳಿಗೆ ಅವರ ಮನೆಗೆ ಓಡಾಡುತ್ತಿದ್ದವು. ನಾನು ಮೆಟ್ಟಿಲು ಇಳಿಯುವಾಗ ಬೀಗದ ಕೈ ಹುಡುಕುವವನ ಹಾಗೆ ತಲೆ ತಗ್ಗಿಸುವುದನ್ನು ರೂಢಿ ಮಾಡಿಕೊಂಡೆ. ನ್ಯಾಯಾಲಯದಲ್ಲಿ ಬಹಿರಂಗ ವಿಚಾರಣೆ ಶುರುವಾಯಿತು. ಆಮೇಲೆ ಎರಡೂ ಕಡೆಯ ಕಾಗದಗಳನ್ನು ಇಂಟರ್‌ನೆಟ್ಟಿಗೆ ಹಾಕಿದರು. ಯಾರು ಬೇಕಾದರೂ ಓದಬಹುದು.

ಮೊಕದ್ದಮೆ ಹೂಡಿದ್ದ ದೇಶದಿಂದ ಬಂದು ಟೆಕ್ಸಸ್ಸಿನಲ್ಲಿದ್ದ ನಿರಾಶ್ರಿತರು ಆಸ್ಟಿನ್ನಿನ ಒಂದು ಚರ್ಚಿನ ಹಾಲ್‌ನಲ್ಲಿ ಸೇರಿ ಅವನ್ನೆಲ್ಲ ಪ್ರಿಂಟ್ ತೆಗೆದು ಹಂಚಿಕೊಂಡು ಓದಿದರಂತೆ. ಮಗಳೂ ಹೋಗಿದ್ದಳು. ಸೋಮವಾರ ಸಂಜೆ ನಾನು ಬೂಟು ಬಿಚ್ಚುತ್ತಿದ್ದೆ, ಹೆಂಡತಿ ಬಾಗಿಲ ಹತ್ತಿರ ಹೋದವಳು ಹೇಳಿದಳು: “ಆಕಿ ಬಂದಾಳ್ರೀ. ಏನೋ ಕಾಗದ ತೋರಿಸ್ಬೇಕಂತ ನಿಮಗ.”

ಮಗಳು ಕೂರಲಿಲ್ಲ. ಎರಡು ಹಾಳೆ ಮೇಜಿನ ಮೇಲಿಟ್ಟಳು. ಮೊದಲನೆಯದು ನನ್ನ ಪುಟ. ಕೆಳಗೆ ನನ್ನ ಹೆಸರು. ನನ್ನ ಹೆಸರು ಉದ್ದ, ಟೆಕ್ಸಸ್ಸಿನಲ್ಲಿ ಅಂಥದ್ದು ಇನ್ನೊಂದಿಲ್ಲ, ನಮ್ಮ ಅಂಚೆಪೆಟ್ಟಿಗೆಯ ಮೇಲೆ ಅವಳು ದಿನಾ ನೋಡುತ್ತಿದ್ದದ್ದೇ.

“ನಿಮಗೆ ಗೊತ್ತಿಲ್ಲದೆ ನಿಮ್ಮ ಹೆಸರು ಹಾಕಿಕೊಂಡಿದ್ದಾರೆ, ಅಲ್ಲವಾ?” ಎಂದಳು.

ಅಷ್ಟು ಅಗಲವಾದ ಬಾಗಿಲನ್ನು ಯಾರೂ ನನಗೆ ಅದುವರೆಗೆ ತೆರೆದಿರಲಿಲ್ಲ. ಹೌದು ಎಂದಿದ್ದರೆ ನಂಬುತ್ತಿದ್ದಳು. ನಾನು ಬಗ್ಗಿ ಇನ್ನೊಂದು ಬೂಟು ಬಿಚ್ಚಿದೆ. ಅದೇ ಉತ್ತರವಾಯಿತು. ಹೆಂಡತಿ ಹಾಳೆ ಎತ್ತಿಕೊಂಡು ಓದಿದಳು, ಒಮ್ಮೆ ಓದಿ ಇನ್ನೊಮ್ಮೆ ಓದಿದಳು.

“ಊರು ಬಿಡಿಸಿದ ದಿನ ರಸ್ತೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು,” ಎಂದಳು ಮಗಳು. ಅವಳ ಇಂಗ್ಲಿಷು ಸಣ್ಣ ಸಣ್ಣ ವಾಕ್ಯದ್ದು. “ಹೆಂಗಸರು, ಮಕ್ಕಳು ಬಸ್ಸಿಗೆ. ಗಂಡಸರು ಆ ಕಡೆಗೆ. ತಮ್ಮ ನನ್ನ ಕೈ ಹಿಡಿದಿದ್ದ. ಸೈನಿಕ ವಯಸ್ಸು ಕೇಳಿದ. ಅಮ್ಮ ಹದಿನಾಲ್ಕು ಅಂದಳು. ಸೈನಿಕ ಕಾಗದ ಕೇಳಿದ. ತಮ್ಮನ ಜೇಬಲ್ಲಿ ಶಾಲೆಯ ಕಾರ್ಡು ಇತ್ತು. ಸೈನಿಕ ಓದಿದ. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಕಾಗದದಲ್ಲಿ ಹದಿನಾರು ಇದೆ ಅಂದ.”

ಅವಳು ಬೆರಳನ್ನು ನನ್ನ ಪುಟದ ಮೇಲಿಟ್ಟಳು. ಯಾವ ಸಾಲಿನ ಮೇಲೆ ಎಂದು ನಾನು ನೋಡಲಿಲ್ಲ. ಯಾವ ನಿಯಮವನ್ನು ನಾನು ಹ್ಯೂಸ್ಟನ್ನಿನಲ್ಲಿ ಸ್ವಂತ ಬುದ್ಧಿಯಿಂದ ಹೊಳೆಯಿತೆಂದು ಮೆರೆದಿದ್ದೆನೋ, ಅದನ್ನು ಬಂದೂಕು ಹಿಡಿದ ಒಬ್ಬ ಸೈನಿಕ ಎಷ್ಟೋ ವರ್ಷಗಳ ಹಿಂದೆಯೇ ನಡುರಸ್ತೆಯಲ್ಲಿ ಜಾರಿಗೆ ತಂದಿದ್ದ.

ಎರಡನೆಯ ಹಾಳೆ ಅವಳಿಂದ ಕೇಳಿ ಆಸ್ಟಿನ್ನಿನ ಅವರ ವಕೀಲರು ನನ್ನ ಹೇಳಿಕೆಯಾಗಿ ಬರೆದದ್ದು, ನಾಲ್ಕೇ ಸಾಲು. ಈ ವಿಧಾನದ ಕೆಳಗಿರುವ ಹೆಸರು ನನ್ನದು. ಹಳ್ಳಿಗಳ ಶಾಲಾ ದಾಖಲೆಯಲ್ಲಿ ವಯಸ್ಸನ್ನು ಹೆಚ್ಚಿಸಿ ಬರೆಸುವುದುಂಟೆಂದು ನನಗೆ ತಿಳಿದಿತ್ತು. ನನ್ನ ಸ್ವಂತ ದಾಖಲೆಯೇ ಹಾಗಿದೆ. ಆದ್ದರಿಂದ ಈ ವಿಧಾನವನ್ನು ನಂಬಬಾರದು. ಕೆಳಗೆ ಸಹಿಗೆ ಜಾಗ. ವಿಚಾರಣೆ ಮುಗಿಯುತ್ತಾ ಬಂದಿತ್ತು, ಶುಕ್ರವಾರದೊಳಗೆ ಕೊಟ್ಟರೆ ತಮ್ಮ ದೇಶದ ವಕೀಲರಿಗೆ ಕಳಿಸಬಹುದು ಎಂದಳು.

“ಅಮ್ಮನಿಗೆ ಬೇರೆ ಏನೂ ಬೇಡ. ಅವನಿಗೆ ಹದಿನಾಲ್ಕು ಅಂತ ಎಲ್ಲಾದರೂ ಬರೆದಿರಬೇಕು.”

ಯೋಚಿಸಿ ಹೇಳುತ್ತೇನೆ ಎಂದೆ.

ಅವಳು ಹೋದ ಮೇಲೆ ಹೆಂಡತಿ ಪೆನ್ನು ತಂದು ಹಾಳೆಯ ಮೇಲಿಟ್ಟಳು. “ಹಾಕ್ರಿ.”

“ಗ್ರೀನ್ ಕಾರ್ಡ್ ಕೊನೇ ಹಂತದಲ್ಲಿದೆ. ಸಹಿ ಹಾಕಿದ್ರೆ ಕಂಪನಿಯವರು ಸುಮ್ನೆ ಬಿಡ್ತಾರಾ? ಕೇಸ್ ಹಾಕ್ತಾರೆ. ನನ್ನ ಹುಟ್ಟಿದ ದಿನವೇ ಸುಳ್ಳು ಅಂತ ನಾನೇ ಬರ್ಕೊಟ್ರೆ ಪಾಸ್‌ಪೋರ್ಟ್ ಗತಿ ಏನು? ಸೋಫಾ ಹೊರಗಿಡೋದಕ್ಕೆ ರೆಡಿ ಇದೀಯಾ ನೀನು?”

“ಇಡೂಣು. ನಾ ಒಂದ್ ಕಡೆ ಹಿಡೀತೀನಿ, ನೀವ್ ಒಂದ್ ಕಡೆ ಹಿಡೀರಿ.”

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟೂ ನಿಜವಾದ ಭಯಗಳೇ. ಆದರೆ ಕೆಳಗಿನ ಮನೆಯವಳು ಯಾವ ಭಯದಿಂದ ಶಾಲೆಗೆ ಒಬ್ಬಳೇ ಹೋಗಲಾರೆ ಎಂದಿದ್ದಳೋ ಅದು ಆರೇಳು ವರ್ಷದ ಮಗುವಿನ ಭಯ. ನನಗೆ ಮೂವತ್ತೈದು, ಮಾರ್ಕ್ಸ್ ಕಾರ್ಡಿನ ಪ್ರಕಾರ ಮೂವತ್ತಾರು.

ಆ ಶುಕ್ರವಾರ ಹ್ಯೂಸ್ಟನ್ನಿನ ಆಚೆ ಸೈಪ್ರೆಸ್‌ನಲ್ಲಿ ಹಳೆಯ ಸಹೋದ್ಯೋಗಿಯೊಬ್ಬನ ಗೃಹಪ್ರವೇಶವಿತ್ತು. ಹೋಗುವ ಯೋಚನೆ ಮೊದಲು ಇರಲಿಲ್ಲ. ಆಫೀಸಿಗೆ ರಜೆ ಹಾಕಿ ಬೆಳಿಗ್ಗೆಯೇ ಹೊರಟೆ. ಹೆಂಡತಿ ಬರಲಿಲ್ಲ. ಮೂರು ದಿನ ಆ ಹೊಸ ಮನೆಯಲ್ಲಿ ಇದ್ದೆ. ಹಾಲು ಉಕ್ಕುವುದನ್ನು ನೋಡಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ, ಬಟ್ಟೆ ಇಡುವ ಕ್ಲಾಸೆಟ್ಟುಗಳು ಎಷ್ಟು ದೊಡ್ಡವೆಂದು ಹೊಗಳಿದೆ, ಬಡಿಸಿದೆ, ಪಾತ್ರೆ ತೊಳೆದೆ. ಇಷ್ಟು ಕೆಲಸ ಮಾಡುವವನು ನಮಗೂ ಒಬ್ಬ ಬೇಕು ಎಂದು ಆಂಟಿಯೊಬ್ಬರು ಮೆಚ್ಚಿಕೊಂಡರು.

ತೀರ್ಪಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮುಂದಿನ ವರ್ಷ ಬಂತು. ಎರಡೂ ದೇಶಗಳು ತಾವೇ ಗೆದ್ದೆವು ಎಂದವು. ನಾನು ಇಡೀ ತೀರ್ಪನ್ನು ನನ್ನ ಪುಟಕ್ಕಾಗಿ ಹುಡುಕಿದೆ. ವಯಸ್ಸಿನ ಕುರಿತ ವಾದವನ್ನು ಪರಿಶೀಲಿಸುವ ಅಗತ್ಯ ಕಾಣುವುದಿಲ್ಲ ಎಂಬರ್ಥದ ಒಂದು ವಾಕ್ಯ ಮಾತ್ರ ಇತ್ತು. ನನ್ನ ಜಾಣತನ ಯಾರಿಗೂ ಬೇಕಾಗಿರಲಿಲ್ಲ. ನಾನು ಸಹಿ ಹಾಕಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಇದನ್ನು ಹೆಂಡತಿಗೆ ತೋರಿಸಿದೆ. “ಅವರ ಮನ್ಯಾಗ ಬದಲಾಗ್ತಿತ್ತು” ಎಂದಳು. ಕೆಳಗಿನ ಮನೆಯವರು ಅಷ್ಟರಲ್ಲಿ ಆಸ್ಟಿನ್ನಿಗೆ ಶಿಫ್ಟ್ ಆಗಿದ್ದರು. ಗ್ರೀನ್ ಕಾರ್ಡೂ ಬಂತು. ಹುಟ್ಟಿದ ದಿನಾಂಕದ ಜಾಗದಲ್ಲಿ ಜೂನ್ ಒಂದು. ಅವತ್ತು ಪಾಯಸ ಆಗಲಿಲ್ಲ.

ಸೈಪ್ರೆಸ್‌ನಿಂದ ಆ ಭಾನುವಾರ ಮಧ್ಯಾಹ್ನ ವಾಪಸು ಬಂದೆ. ಕಾರು ನಿಲ್ಲಿಸಿ ಹೊರಗಿಳಿದಾಗ ತಾಯಿ ಬಾಲ್ಕನಿಯಲ್ಲಿ ಒಣಗಿದ ಮೆಣಸಿನಕಾಯಿ ಸರಗಳನ್ನು ಬಿಚ್ಚಿ ಬುಟ್ಟಿಗೆ ತುಂಬುತ್ತಿದ್ದಳು. ಹಿಂದೆ ಬಾಗಿಲಲ್ಲಿ ಮಗಳು ನಿಂತಿದ್ದಳು. ನನ್ನನ್ನು ಕಂಡು ಒಳಗೆ ಹೋದಳು. ತಾಯಿ ಹೋಗಲಿಲ್ಲ. ಅವಳಿಗೂ ನನಗೂ ನಡುವೆ ಒಂದು ಭಾಷೆ ಇರಲಿಲ್ಲ, ಬೈಯಬೇಕೆಂದರೂ ಬೈಯುವಂತಿರಲಿಲ್ಲ. ಬುಟ್ಟಿ ಕೆಳಗಿಟ್ಟಳು. ನನ್ನ ಮುಖ ನೋಡುತ್ತಲೇ ಬಲಗೈಯನ್ನು ಮೆಲ್ಲಗೆ ಎತ್ತಿ, ನೆತ್ತಿಯ ಮೇಲಿಂದ ಹಾಯಿಸಿ, ಎಡಗಿವಿಯನ್ನು ಮುಟ್ಟಿಕೊಂಡಳು. ನಗಲಿಲ್ಲ. ಕೈಯನ್ನು ಹಾಗೆಯೇ ಹಿಡಿದು ನಿಂತಳು. ನಾನು ಚೀಲ ಎತ್ತಿಕೊಂಡು, ಕಾರಿನ ಬಾಗಿಲು ಹಾಕಿ, ಮೆಟ್ಟಿಲು ಹತ್ತಿದೆ.